ಶ್ಯಾಮ್ 69ರ ಮೊದಲ ಆಲ್ಬಮ್ ಅರ್ಧ ಲೈವ್, ಅರ್ಧ ಸ್ಟುಡಿಯೋ. ನಾವೂ ಹಾಗೆ ಮಾಡಬಹುದಾ?

ಕುಂಬ್ಳೆ ಗಿಟಾರು:
ಎಲ್ಲರಿಗೂ ನಮಸ್ಕಾರ. ನಮ್ಮದು ಮೂವರ ಪಂಕ್ ಬ್ಯಾಂಡ್, ಅಂದರೆ ಜೋರಾದ, ವೇಗದ ರಾಕ್. ಗಿಟಾರು ಮತ್ತು ಹಾಡು ನಾನು, ಬೇಸ್ ಒಬ್ಬ, ಡ್ರಮ್ಸ್ ಒಬ್ಬ. ಹಾಡು ಕನ್ನಡದಲ್ಲಿ, ಬೈಗುಳ ಮಾತ್ರ ತುಳುವಿನಲ್ಲಿ. ಮಂಗಳೂರಿನ ಒಂದು ಸ್ಟುಡಿಯೋದಲ್ಲಿ ಐದು ಹಾಡು ರೆಕಾರ್ಡ್ ಮಾಡಿದೆವು. ಅಲ್ಲಿಗೆ ದುಡ್ಡು ಮುಗಿಯಿತು. ಇನ್ನು ಕಾಸರಗೋಡಿನ ಒಂದು ಕಾಲೇಜು ಕಾರ್ಯಕ್ರಮದಲ್ಲಿ ಬಾರಿಸಿದ ಆರು ಹಾಡು ಮಿಕ್ಸರಿನಿಂದ ನೇರ ಪೆನ್‌ಡ್ರೈವಿಗೆ ಬಂದದ್ದು ಉಂಟು. ಎರಡನ್ನೂ ಸೇರಿಸಿ ಮೊದಲ ಆಲ್ಬಮ್ ಅಂತ ಬಿಡೋಣ ಅನ್ನುವುದು ನನ್ನ ಆಸೆ. ಡ್ರಮ್ಮರ್ ಒಪ್ಪುತ್ತಿಲ್ಲ. ಹಾಡು ಸಾಲದ್ದಕ್ಕೆ ಲೈವ್ ತುರುಕುವುದು ಕಳ್ಳಾಟ ಅಂತಾನೆ. ಶ್ಯಾಮ್ 69ರ 'ಟೆಲ್ ಅಸ್ ದ ಟ್ರುತ್' ಕೇಳಿಸಿದೆ. ಅದೂ ಮೊದಲ ಆಲ್ಬಮ್ಮೇ, ಒಂದು ಬದಿ ಲೈವ್, ಇನ್ನೊಂದು ಬದಿ ಸ್ಟುಡಿಯೋ. ಕೇಳಿ ಮುಗಿಸಿ, "ಎರಡು ಬೇರೆ ಬ್ಯಾಂಡ್ ಕೇಳಿದ ಹಾಗಾಯಿತು" ಅಂದ. ನಿಮಗೆ ಏನನ್ನಿಸುತ್ತದೆ?

ತಲಪಾಡಿ ಗೇಟು:
ಶ್ಯಾಮ್ ಯಾರು? 69 ಅವನ ವಯಸ್ಸಾ?

ಬದಿಯಡ್ಕ ಟು ಶಾರ್ಜಾ:
ವಯಸ್ಸಲ್ಲ ಮಾರಾಯ. ಇಂಗ್ಲೆಂಡಿನ ಸರ್ರೆಯಲ್ಲಿ ಹರ್‌ಶ್ಯಾಮ್ ಅಂತ ಊರು. ಅಲ್ಲಿನ ಫುಟ್‌ಬಾಲ್ ತಂಡದ ಬಗ್ಗೆ ಯಾರೋ ಗೋಡೆಯಲ್ಲಿ ಬರೆದದ್ದು ಅರ್ಧ ಮಾಸಿ ಉಳಿದಿತ್ತು. ಅದೇ ಬ್ಯಾಂಡಿನ ಹೆಸರಾಯಿತು. ಹಾಡುವವ ಜಿಮ್ಮಿ ಪರ್ಸಿ, ಗಿಟಾರು ಡೇವ್ ಪಾರ್ಸನ್ಸ್.

ಕುಂಬ್ಳೆಯವರೇ, ನಿಮ್ಮ ಡ್ರಮ್ಮರಿನ ಕಿವಿ ಒಳ್ಳೆಯದುಂಟು. ಅದು ಎರಡು ಬ್ಯಾಂಡೇ. ಆದರೆ ಅದು ಆ ಆಲ್ಬಮ್ಮಿನ ದೋಷ ಅಂತ ನಾನು ಒಪ್ಪುವುದಿಲ್ಲ. 1978ರ ಫೆಬ್ರವರಿಯಲ್ಲಿ ಪಾಲಿಡಾರ್ ಕಂಪನಿಯಿಂದ ಬಂತು, ಬ್ರಿಟನ್ನಿನ ಆಲ್ಬಮ್ ಮಾರಾಟದ ಪಟ್ಟಿಯಲ್ಲಿ 25ನೇ ಸ್ಥಾನದವರೆಗೆ ಹೋಯಿತು. ಮೊದಲ ಬದಿಯಲ್ಲಿ ಆರು ಹಾಡು, ಎಲ್ಲ ಲೈವ್. ಎರಡನೇ ಬದಿಯಲ್ಲಿ ಏಳು, ಎಲ್ಲ ಸ್ಟುಡಿಯೋ. ಗಮನಿಸಿ, ಲೈವ್ ಮೊದಲು. ಸಾಮಾನ್ಯವಾಗಿ ಹೊಸ ಬ್ಯಾಂಡ್ ತನ್ನ ಚೊಕ್ಕ ರೆಕಾರ್ಡಿಂಗ್ ಮುಂದಿಟ್ಟು, ಲೈವ್ ಇದ್ದರೆ ಕೊನೆಗೆ ಬಾಲದಲ್ಲಿ ಹಾಕುತ್ತದೆ. ಇವರು ಉಲ್ಟಾ ಮಾಡಿದರು. ಸೂಜಿ ಇಟ್ಟ ಕೂಡಲೇ ಕೇಳುವುದು ಜನರಿರುವ ಹಾಲ್. ಹಾಡು ಆಮೇಲೆ.

ಒಂದು ಕೆಲಸ ಮಾಡಿ. 'ಬೋರ್ಸ್ಟಲ್ ಬ್ರೇಕ್‌ಔಟ್' ಎರಡು ಥರ ಸಿಗುತ್ತದೆ. 1978ರ ಜನವರಿಯ ಸಿಂಗಲ್ ಸ್ಟುಡಿಯೋದ್ದು, ಆಲ್ಬಮ್ಮಿನದ್ದು ಲೈವ್. 'ಅಲ್‌ಸ್ಟರ್' ಕೂಡ ಹಾಗೆಯೇ. 1977ರಲ್ಲಿ ಸ್ಟೆಪ್ ಫಾರ್ವರ್ಡ್ ಎಂಬ ಸಣ್ಣ ಕಂಪನಿಗೆ ಮಾಡಿದ ಮೊದಲ ರೆಕಾರ್ಡಿನಲ್ಲಿ ಅದು ಉಂಟು, ಅದರ ಪ್ರೊಡ್ಯೂಸರ್ ವೆಲ್ವೆಟ್ ಅಂಡರ್‌ಗ್ರೌಂಡ್ ಎಂಬ ಬ್ಯಾಂಡಿನಲ್ಲಿದ್ದ ಜಾನ್ ಕೇಲ್. ಎರಡನ್ನೂ ಪಕ್ಕಪಕ್ಕ ಇಟ್ಟು ಕೇಳಿದರೆ ಯಾವುದನ್ನು ಲೈವ್ ಹಾಕಬೇಕು, ಯಾವುದನ್ನು ಹಾಕಬಾರದು ಅನ್ನುವುದು ಕಿವಿಗೇ ಗೊತ್ತಾಗುತ್ತದೆ.

ನೀರ್ಚಾಲು ಟೀಚರ್:
ಶಾರ್ಜಾದವರು ಚೆನ್ನಾಗಿ ಹೇಳಿದ್ದಾರೆ, ಆದರೆ ನಾನು ಡ್ರಮ್ಮರ್ ಪಕ್ಷ. ಸುಮ್ನೆ ಸಂಖ್ಯೆ ತುಂಬಿಸಲು ಲೈವ್ ಯಾಕೆ? ಐದು ಹಾಡು ಉಂಟಲ್ಲ, ಅಷ್ಟನ್ನೇ ಬಿಡಿ. ಬಝ್‌ಕಾಕ್ಸ್ ಎಂಬ ಇಂಗ್ಲೆಂಡಿನ ಬ್ಯಾಂಡ್ 1977ರ ಜನವರಿಯಲ್ಲಿ ತಂದ 'ಸ್ಪೈರಲ್ ಸ್ಕ್ರ್ಯಾಚ್'ನಲ್ಲಿ ಇದ್ದದ್ದೇ ನಾಲ್ಕು ಹಾಡು. ಸಾಲ ಮಾಡಿದ 500 ಪೌಂಡು, ಸ್ವಂತ ಲೇಬಲ್, ಮೊದಲಿಗೆ 1000 ಪ್ರತಿ. ಇವತ್ತಿಗೂ ಜನ ಅದನ್ನು ನೆನೆಯುತ್ತಾರೆ. ಇನ್ನು ದುಡ್ಡಿನ ಮಾತು ಅಂದರೆ, ಅಮೆರಿಕದ ರಾಮೋನ್ಸ್ ಬ್ಯಾಂಡಿನವರು 1976ರಲ್ಲಿ ಮೊದಲ ಆಲ್ಬಮ್ಮನ್ನು ಸುಮಾರು 6,400 ಡಾಲರಿನಲ್ಲಿ ಮುಗಿಸಿದರು. 14 ಹಾಡು, ಅರ್ಧ ಗಂಟೆಯೊಳಗೆ. ಸ್ಟುಡಿಯೋದಲ್ಲೇ ಮಾಡಿದ್ದು, ಆದರೂ ಒಂದು ಕಿವಿಗೆ ಬೇಸ್, ಇನ್ನೊಂದು ಕಿವಿಗೆ ಗಿಟಾರು ಬಿಟ್ಟು ಹಾಡಿನ ಕಸುವು ಹಾಗೇ ಉಳಿಸಿಕೊಂಡರು. ಬಿಸಿ ಬೇಕಾದರೆ ಸ್ಟುಡಿಯೋದಲ್ಲೂ ಬರುತ್ತದೆ.

ಬದಿಯಡ್ಕ ಟು ಶಾರ್ಜಾ:
ಟೀಚರ್, ಬಿಸಿ ಒಂದೇ ಅಲ್ಲ ಪ್ರಶ್ನೆ. ಎಂಸಿ5 ಎಂಬ ಅಮೆರಿಕದ ಬ್ಯಾಂಡ್ ಮೊದಲ ಆಲ್ಬಮ್ಮನ್ನು ಪೂರ್ತಿ ಲೈವ್ ಆಗಿಯೇ ಮಾಡಿತ್ತು. ಡೆಟ್ರಾಯಿಟಿನ ಗ್ರ್ಯಾಂಡೆ ಬಾಲ್‌ರೂಮ್, 1968ರ ಅಕ್ಟೋಬರ್ ಕೊನೆ. ಅವರಿಗೆ ಸ್ಟುಡಿಯೋ ಸಿಗದೆ ಅಲ್ಲ.

ನೀರ್ಚಾಲು ಟೀಚರ್:
ಪೂರ್ತಿ ಲೈವ್ ಆದರೆ ನನ್ನ ತಕರಾರಿಲ್ಲ. ಅರ್ಧರ್ಧ ಮಾಡುವುದೇ ನನಗೆ ಆಗದ್ದು. ಅಥವಾ ಮಾಡುವುದಾದರೆ ಆಲ್ಟರ್ನೇಟಿವ್ ಟಿವಿಯವರ ಹಾಗೆ ಮಾಡಬೇಕು. ಅವರದ್ದೂ 1978ರಲ್ಲೇ ಬಂದ ಮೊದಲ ಆಲ್ಬಮ್, 'ದ ಇಮೇಜ್ ಹ್ಯಾಸ್ ಕ್ರ್ಯಾಕ್ಡ್'. ಮಾರ್ಕ್ ಪೆರಿ ಎಂಬವನ ಬ್ಯಾಂಡ್. ಅವನು ಬ್ಯಾಂಕಿನಲ್ಲಿ ಗುಮಾಸ್ತ, 1976ರಲ್ಲಿ 'ಸ್ನಿಫಿನ್ ಗ್ಲೂ' ಅಂತ ಪಂಕ್ ಪತ್ರಿಕೆ ಶುರು ಮಾಡಿ ಬ್ಯಾಂಕು ಬಿಟ್ಟವನು. ಆ ಆಲ್ಬಮ್ಮಿನಲ್ಲಿ ಬದಿ ಲೆಕ್ಕವಿಲ್ಲ, ಲೈವ್ ಪಕ್ಕದಲ್ಲೇ ಸ್ಟುಡಿಯೋ. ಮೊದಲ ಟ್ರ್ಯಾಕು ಲಂಡನ್ನಿನ ಮಾರ್ಕೀ ಕ್ಲಬ್ಬಿನಲ್ಲಿ ಆದದ್ದು. ಬ್ಯಾಂಡು ಹಿಂದೆ ಬಾರಿಸುತ್ತಿರುತ್ತದೆ, ಪೆರಿ ಮೈಕನ್ನು ಜನರಿಗೆ ಬಿಟ್ಟುಕೊಡುತ್ತಾನೆ. ಯಾರು ಬೇಕಾದರೂ ಬಂದು ಮಾತಾಡಿ ಅಂತ. ಬಂದು ಮಾತಾಡುತ್ತಾರೆ, ಗಲಾಟೆಯೂ ಆಗುತ್ತದೆ. ಅದು ಸ್ಟುಡಿಯೋದಲ್ಲಿ ಹುಟ್ಟುವ ವಸ್ತುವೇ ಅಲ್ಲ. ಅಂಥದ್ದು ನಿಮ್ಮ ಪೆನ್‌ಡ್ರೈವಿನಲ್ಲಿ ಇದ್ದರೆ ಹಾಕಿ, ಇಲ್ಲದಿದ್ದರೆ ಬೇಡ.

ಪೈವಳಿಕೆ ಮಾಷ್ಟ್ರು:
ನನಗೆ ಪಂಕು ಗೊತ್ತಿಲ್ಲ. ಮೊಮ್ಮಗ ಒಮ್ಮೆ ಕೇಳಿಸಿದ, ಯಕ್ಷಗಾನದಲ್ಲಿ ಯುದ್ಧಕ್ಕೆ ಹಾಡುವ ಏರುಪದವೇ ಪೂರ್ತಿ ಅಂತ ಕಂಡಿತು. ಆದರೆ ಈ ಸ್ಟುಡಿಯೋ, ಲೈವ್ ವಿಷಯದಲ್ಲಿ ನನಗೂ ಹೇಳಲಿಕ್ಕೆ ಉಂಟು. ತಾಳಮದ್ದಳೆ ಕ್ಯಾಸೆಟ್ಟುಗಳ ಕಾಲದಲ್ಲಿ ನಮ್ಮ ಮನೆಯ ಕಪಾಟು ಅದರಿಂದಲೇ ತುಂಬಿತ್ತು. ಸ್ಟುಡಿಯೋದಲ್ಲಿ ಕೂರಿಸಿ ಮಾಡಿದ್ದು ಕೆಲವು, ಕೂಟದಲ್ಲಿ ಟೇಪ್ ಇಟ್ಟು ತುಂಬಿಸಿಕೊಂಡದ್ದು ಕೆಲವು. ಭಾಗವತರ ಪದ್ಯ ಸ್ಟುಡಿಯೋದಲ್ಲೇ ಚಂದ. ಚೆಂಡೆ ಮೇಲೆ ಬೀಳುವುದಿಲ್ಲ, ಸಾಹಿತ್ಯ ಸ್ಪಷ್ಟ, ಶ್ರುತಿ ಗಟ್ಟಿ. ಅರ್ಥ, ಅಂದರೆ ಪದ್ಯದ ಮೇಲೆ ಆಡುವ ಮಾತು, ಅದು ಮಾತ್ರ ಸ್ಟುಡಿಯೋದಲ್ಲಿ ಸತ್ತುಹೋಗುತ್ತದೆ. ಯಾಕೆಂದರೆ ಅರ್ಥಧಾರಿ ಬರೆದಿಟ್ಟದ್ದನ್ನು ಓದುವವನಲ್ಲ. ಎದುರಿನವ ಒಂದು ಮಾತು ಎಸೆಯುತ್ತಾನೆ, ಸಭೆ ನಗುತ್ತದೆ, ಆ ನಗುವಿನ ಮೇಲೆ ಇವನು ಇನ್ನೊಂದು ಕಟ್ಟುತ್ತಾನೆ. ಸಭೆಯೇ ಇಲ್ಲದಿದ್ದರೆ ಕಟ್ಟುವುದು ಯಾವುದರ ಮೇಲೆ? ಎಲ್ಲವೂ ಹೊತ್ತಿಗೆ ಸರಿಯಾಗಿ ಕ್ಯಾಸೆಟ್ಟಿನ ಬದಿ ಮುಗಿಯುವ ಮೊದಲು ಮುಗಿದುಬಿಡುತ್ತದೆ. ಕೂಟದ ಟೇಪಿನಲ್ಲಿ ಮೈಕು ಕೂಗುತ್ತದೆ, ಮಗು ಅಳುತ್ತದೆ, 45 ನಿಮಿಷಕ್ಕೆ ಕೃಷ್ಣನ ಮಾತು ಅರ್ಧಕ್ಕೇ ತುಂಡಾಗುತ್ತದೆ. ಆದರೂ ನಾನು ಮತ್ತೆ ಮತ್ತೆ ಹಾಕಿದ್ದು ಅದನ್ನೇ.

ಹಾಗಾಗಿ ಹುಡುಗನಿಗೆ ನನ್ನ ಮಾತು ಇಷ್ಟೇ. ಹಾಡನ್ನು ಎರಡು ಪಾಲು ಮಾಡು. ಸಾಹಿತ್ಯ ಕೇಳಬೇಕಾದ್ದು ಸ್ಟುಡಿಯೋದಲ್ಲಿರಲಿ. ಜನರ ಜೊತೆ ಮಾತುಕತೆ ನಡೆದದ್ದು ಕೂಟದ್ದೇ ಇರಲಿ.

ಬದಿಯಡ್ಕ ಟು ಶಾರ್ಜಾ:
ಮಾಷ್ಟ್ರೇ, ನಾನು ನಾಲ್ಕು ಪ್ಯಾರಾ ಬರೆದು ಹೇಳಲಾಗದ್ದನ್ನು ನೀವು ಹೇಳಿಬಿಟ್ಟಿರಿ.

ಕುಂಬ್ಳೆ ಗಿಟಾರು:
ಟೀಚರ್ ಕೇಳಿದಂಥದ್ದು ಒಂದು ಉಂಟು. ನಮ್ಮದೊಂದು ಹಾಡು 2020ರ ಮಾರ್ಚಿನ ಬಗ್ಗೆ. ಕೊರೋನಾ ಅಂತ ತಲಪಾಡಿಯಲ್ಲಿ ಕೇರಳ-ಕರ್ನಾಟಕ ಗಡಿ ಮುಚ್ಚಿದ್ದು, ಒಳದಾರಿಗಳಿಗೆಲ್ಲ ಲಾರಿಯಲ್ಲಿ ಮಣ್ಣು ತಂದು ಸುರಿದದ್ದು, ಮಂಗಳೂರಿನ ಆಸ್ಪತ್ರೆಗೆ ಹೊರಟವರು ಈಚೆಯೇ ಸಿಕ್ಕಿಬಿದ್ದದ್ದು. ಸಾಹಿತ್ಯ ಕನ್ನಡದಲ್ಲಿ. ಕಾಲೇಜಿನಲ್ಲಿ ಕೂತವರಲ್ಲಿ ಮುಕ್ಕಾಲು ಮಲಯಾಳಿ ಹುಡುಗರು. ಎರಡನೇ ಚರಣಕ್ಕೆ ಹಿಂದಿನಿಂದ ಒಬ್ಬ "ಮಲಯಾಳಂ ಪಾಡೆಡಾ" ಅಂತ ಕೂಗಿದ. ನಾನು "ನೀ ಪಾಡ್, ಇದಾ ಮೈಕ್" ಅಂತ ಸ್ಟ್ಯಾಂಡನ್ನು ಆಚೆ ತಿರುಗಿಸಿದೆ. ಬಂದೇ ಬಿಟ್ಟ. ಬೈಯುತ್ತಾನೆ ಅಂದುಕೊಂಡೆ. "ಮಣ್ಣು ಹಾಕಿದರು, ಮಣ್ಣು" ಅಂತ ನಮ್ಮ ಸಾಲನ್ನೇ ಕನ್ನಡದಲ್ಲೇ ಕಿರುಚಿದ. ಆಮೇಲೆ ಹಾಲ್ ಪೂರ್ತಿ ಅದನ್ನೇ ಹಿಡಿಯಿತು. ಇದೇ ಹಾಡು ಸ್ಟುಡಿಯೋದಲ್ಲೂ ಆಗಿದೆ, ಕೋರಸ್ಸಿಗೆ ನಾವು ಮೂವರೇ ನಾಲ್ಕು ಸಲ ಕೂಗಿ ಒಂದರ ಮೇಲೊಂದು ಇಟ್ಟಿದ್ದೇವೆ.

ನೀರ್ಚಾಲು ಟೀಚರ್:
ಇದನ್ನು ಮೊದಲೇ ಹೇಳಬಾರದಿತ್ತಾ ಮಾರಾಯ! ಹಾಕಿ. ಆ "ಮಲಯಾಳಂ ಪಾಡೆಡಾ" ಕೂಡ ಕತ್ತರಿಸಬೇಡಿ. ಅದಿಲ್ಲದೆ ಆಮೇಲಿನದ್ದಕ್ಕೆ ಬೆಲೆ ಇಲ್ಲ.

ತಲಪಾಡಿ ಗೇಟು:
ನಾನು ಗೇಟಿನ ಆಚೆ ಬದಿಯವ. ಆ ಮಣ್ಣನ್ನು ನೋಡಿದ್ದೇನೆ. ಈ ಹಾಡಿಗೆ ನನ್ನ ಓಟು ಉಂಟು. ಆದರೆ ಐದು ವರ್ಷ ಬಿಟ್ಟು ಬೆಂಗಳೂರಿನವರಿಗೆ ಇದು ಯಾವ ಮಣ್ಣು ಅಂತ ಗೊತ್ತಾಗುತ್ತದಾ?

ಬದಿಯಡ್ಕ ಟು ಶಾರ್ಜಾ:
ಗೇಟು, ಒಳ್ಳೆ ಪ್ರಶ್ನೆ. ಶ್ಯಾಮ್ 69ರ ಲೈವ್ ಬದಿಯಲ್ಲಿ 'ಜಾರ್ಜ್ ಡೇವಿಸ್ ಈಸ್ ಇನೋಸೆಂಟ್' ಅಂತ ಹಾಡುಂಟು. ಡೇವಿಸ್ ಪೂರ್ವ ಲಂಡನ್ನಿನ ಒಬ್ಬ ಟ್ಯಾಕ್ಸಿ ಡ್ರೈವರ್. 1975ರಲ್ಲಿ ದರೋಡೆ ಕೇಸಿನಲ್ಲಿ ಅವನಿಗೆ 20 ವರ್ಷ ಜೈಲಾಯಿತು. ಅವನು ನಿರಪರಾಧಿ ಅಂತ ಊರಿನವರು ಗೋಡೆಗೋಡೆಗೆ ಬರೆದರು. ಅದೇ ವರ್ಷ ಆಗಸ್ಟಿನಲ್ಲಿ ಹೆಡಿಂಗ್ಲಿ ಕ್ರಿಕೆಟ್ ಮೈದಾನದ ಪಿಚ್ ಅಗೆದು ಎಣ್ಣೆ ಸುರಿದರು. ಇಂಗ್ಲೆಂಡ್, ಆಸ್ಟ್ರೇಲಿಯಾ ಟೆಸ್ಟ್ ಅಲ್ಲಿಗೇ ನಿಂತಿತು.

ತಲಪಾಡಿ ಗೇಟು:
ಅದಾ?! ಆ ಮ್ಯಾಚು ಗೊತ್ತು ನನಗೆ. ಆಸ್ಟ್ರೇಲಿಯಾಕ್ಕೆ 445 ಬೇಕಿತ್ತು, 3 ವಿಕೆಟಿಗೆ 220 ಆಗಿತ್ತು. ಮೆಕಾಸ್ಕರ್ 95 ನಾಟೌಟ್, ಪಾಪ. ಕೊನೆಯ ದಿನ ಆಟವೇ ಇಲ್ಲ. ಡ್ರಾ. ಪಿಚ್ ಅಗೆದವರ ಮೇಲೆ ಹಾಡೂ ಇದೆ ಅಂತ ಇವತ್ತು ಗೊತ್ತಾಯಿತು. ಈಗಲೇ ಕೇಳುತ್ತೇನೆ.

ಬದಿಯಡ್ಕ ಟು ಶಾರ್ಜಾ:
ಕೇಳಿ. ಅದರ ಮುಂದಿನ ಕತೆ ಇನ್ನೂ ಸ್ವಾರಸ್ಯ. 1976ರಲ್ಲಿ ಡೇವಿಸನನ್ನು ಬಿಟ್ಟರು. ಮರುವರ್ಷ ಒಂದು ಬ್ಯಾಂಕ್ ದರೋಡೆಯಲ್ಲಿ ಸಿಕ್ಕಿಬಿದ್ದ, ಆ ತಪ್ಪನ್ನು ಒಪ್ಪಿಕೊಂಡ. ಮೊದಲಿನ ಕೇಸಿನ ತೀರ್ಪನ್ನು ಕೋರ್ಟು ರದ್ದು ಮಾಡಿದ್ದು 2011ರಲ್ಲಿ. ಅಂದರೆ ಆಲ್ಬಮ್ ಬರುವ ಹೊತ್ತಿಗೆ ಅವನು ಇನ್ನೊಂದು ಕೇಸಿನಲ್ಲಿ ಸಿಕ್ಕಿ ಆಗಿತ್ತು. ಇಂಥ ಹಾಡನ್ನು ಸ್ಟುಡಿಯೋದಲ್ಲಿ ಚೊಕ್ಕ ಮಾಡಿ ಕೊಟ್ಟರೆ ಅದು ಹಳೆಯ ಪತ್ರಿಕೆಯ ಸುದ್ದಿ. ಲೈವಿನಲ್ಲಿ ಇರುವುದರಿಂದ, ಅವತ್ತು ಅಷ್ಟು ಜನ ಅದನ್ನು ತಮ್ಮ ವಿಷಯ ಅಂತ ತಿಳಿದಿದ್ದರು ಅನ್ನುವುದು ಉಳಿಯುತ್ತದೆ. ನನಗೆ ಆ ಹೆಸರು ಯಾರದ್ದು ಅಂತ ಗೊತ್ತಾಗುವ ಮೊದಲೇ ಆ ಹಾಡು ಹಿಡಿಸಿತ್ತು. ಬೆಂಗಳೂರಿನವರಿಗೆ ಮಣ್ಣು ಯಾವುದೆಂದು ಗೊತ್ತಾಗದಿದ್ದರೂ ಎರಡು ಭಾಷೆಯವರು ಸೇರಿ ಒಂದೇ ಸಾಲು ಕಿರುಚುವುದು ಕೇಳಿಸುತ್ತದೆ. ಉಳಿದದ್ದನ್ನು ಬೇಕಾದರೆ ಹುಡುಕಿ ತಿಳಿದುಕೊಳ್ಳಲಿ.

ನೀರ್ಚಾಲು ಟೀಚರ್:
ಒಂದು ಎಚ್ಚರಿಕೆ. ಜನರ ಕೂಗನ್ನು ಪೂಜೆ ಮಾಡಲಿಕ್ಕೆ ಹೋಗಬೇಡಿ. ಶ್ಯಾಮ್ 69ರನ್ನು ಹಾಳು ಮಾಡಿದ್ದೂ ಅದೇ ಕೂಗು. ಅವರ ಕಾರ್ಯಕ್ರಮಗಳಿಗೆ ನ್ಯಾಷನಲ್ ಫ್ರಂಟ್ ಎಂಬ ಜನಾಂಗದ್ವೇಷಿ ಪಕ್ಷದ ಕಡೆಯ, ತಲೆ ಬೋಳಿಸಿದ ಸ್ಕಿನ್‌ಹೆಡ್ ಹುಡುಗರು ಬಂದು ಹೊಡೆದಾಟ ಎಬ್ಬಿಸಲು ಶುರು ಮಾಡಿದರು. ಪರ್ಸಿ ಅವರ ಕಡೆಯವನಲ್ಲ. 1978ರ ಏಪ್ರಿಲ್ 30ರಂದು ಲಂಡನ್ನಿನ ವಿಕ್ಟೋರಿಯಾ ಪಾರ್ಕಿನಲ್ಲಿ ಜನಾಂಗದ್ವೇಷದ ವಿರುದ್ಧ ದೊಡ್ಡ ಕಾರ್ಯಕ್ರಮ ಆದಾಗ ಕ್ಲ್ಯಾಶ್ ಬ್ಯಾಂಡಿನ ಜೊತೆ ವೇದಿಕೆ ಹತ್ತಿ ಹಾಡಿದವನು. ಆದರೂ ಗಲಾಟೆ ನಿಲ್ಲಲಿಲ್ಲ. 1979ರ ಹೊತ್ತಿಗೆ ಕಾರ್ಯಕ್ರಮಗಳೇ ಅರ್ಧಕ್ಕೆ ನಿಲ್ಲುವ ಹಾಗಾಯಿತು. ನಮ್ಮ ಊರಿನಲ್ಲಿ ಭಾಷೆಯ ಹೆಸರಿನಲ್ಲಿ ಕೂಗುವುದು ಎಷ್ಟು ಸುಲಭ ಅಂತ ನಿಮಗೆ ಹೇಳಬೇಕಾ? ಪೆನ್‌ಡ್ರೈವಿನಲ್ಲಿ ಯಾರಾದರೂ ಇನ್ನೊಬ್ಬರ ಭಾಷೆಗೆ, ಜಾತಿಗೆ, ಮತಕ್ಕೆ ಬೈದದ್ದು ಇದ್ದರೆ ಅದು ಲೈವಿನ ರುಚಿ ಅಂತ ಇಟ್ಟುಕೊಳ್ಳಬೇಡಿ. ಒಂದೊಂದು ಹಾಡಿನ ಮಧ್ಯದ ಸದ್ದನ್ನೂ ಕಿವಿಗೊಟ್ಟು ಕೇಳಿ.

ಕುಂಬ್ಳೆ ಗಿಟಾರು:
ಅಂಥದ್ದು ಒಂದು ಕಡೆ ಉಂಟು ಟೀಚರ್. ನಾಲ್ಕನೇ ಹಾಡಿನ ಮೊದಲು. ಆ ಹಾಡನ್ನೇ ಬಿಡುತ್ತೇವೆ, ಹೇಗೂ ನನ್ನ ತಂತಿ ಶ್ರುತಿ ತಪ್ಪಿತ್ತು.

ಮೈಕಿನವ ಉಪ್ಪಳ:
ಎಲ್ಲ ಓದಿದೆ. ನೀವೆಲ್ಲ ಯಾವ ಹಾಡು ಅಂತ ಮಾತಾಡುತ್ತಿದ್ದೀರಿ, ಯಾರೂ ರೆಕಾರ್ಡಿಂಗ್ ಹೇಗುಂಟು ಅಂತ ಕೇಳಲೇ ಇಲ್ಲ. ಬಯಲಾಟ, ಶಾಲಾ ವಾರ್ಷಿಕೋತ್ಸವ, ಮದುವೆ, ಭೂತದ ನೇಮ ಎಲ್ಲಕ್ಕೂ ಸೌಂಡ್ ಹಾಕುವವ ನಾನು, ಸ್ವಲ್ಪ ಹೇಳುತ್ತೇನೆ.

ಮಿಕ್ಸರಿನಿಂದ ಪೆನ್‌ಡ್ರೈವಿಗೆ ಬಂದದ್ದು ಅಂದಿರಿ. ಅಲ್ಲೇ ತೊಂದರೆ. ಸಣ್ಣ ಹಾಲಿನಲ್ಲಿ ಡ್ರಮ್ಸಿಗೆ ಮೈಕೇ ಬೇಡ, ಹಾಗೇ ಕಿವಿ ಒಡೆಯುತ್ತದೆ. ಗಿಟಾರಿನ ಆಂಪ್ಲಿಫೈಯರ್ ಕೂಡ ಸಾಕಷ್ಟು ಜೋರು. ಹಾಗಾಗಿ ಸೌಂಡಿನವ ಮಿಕ್ಸರಿನಲ್ಲಿ ಹಾಡುವವನ ಸ್ವರವನ್ನು ಮಾತ್ರ ಎತ್ತಿರುತ್ತಾನೆ. ಹಾಲಿನಲ್ಲಿ ಕೂತವರಿಗೆ ಎಲ್ಲ ಸರಿ ಕೇಳುತ್ತದೆ. ಪೆನ್‌ಡ್ರೈವ್ ಹಾಕಿ ಕೇಳಿದರೆ ಸ್ವರ ಮುಖಕ್ಕೆ ಹೊಡೆಯುತ್ತದೆ, ಡ್ರಮ್ಸ್ ಪಕ್ಕದ ಮನೆಯಲ್ಲಿ ಬಾರಿಸಿದ ಹಾಗೆ. ಜನ ಅಂತೂ ಇಲ್ಲವೇ ಇಲ್ಲ, ಯಾಕೆಂದರೆ ಜನರ ಕಡೆಗೆ ಮೈಕೇ ಇರಲಿಲ್ಲ. ಹೌದಲ್ವಾ?

ಕುಂಬ್ಳೆ ಗಿಟಾರು:
ಹೌದು! ಹಾಗೇ ಉಂಟು. ಆ ಹುಡುಗ ಮೈಕಿನಲ್ಲಿ ಕಿರುಚಿದ್ದು ಮಾತ್ರ ಸರಿ ಬಂದಿದೆ. ಹಾಲ್ ಹಿಡಿದದ್ದು ದೂರದಲ್ಲೆಲ್ಲೋ ಕೇಳುತ್ತದೆ.

ಮೈಕಿನವ ಉಪ್ಪಳ:
ಹಾಗಾದರೆ ಅವತ್ತು ಮೊಬೈಲಿನಲ್ಲಿ ವೀಡಿಯೋ ಮಾಡಿದವರನ್ನು ಹುಡುಕಿ. ಒಬ್ಬರಲ್ಲ, ಮೂರು ನಾಲ್ಕು ಜನ, ಹಾಲಿನ ಬೇರೆ ಬೇರೆ ಮೂಲೆಯವರು. ವಾಟ್ಸಾಪಿನಲ್ಲಿ ತರಿಸಬೇಡಿ, ಸದ್ದು ಹಿಂಡಿ ಹಾಳು ಮಾಡುತ್ತದೆ. ಮೂಲ ಫೈಲೇ ಬೇಕು. ಮೊಬೈಲಿನದ್ದು ಜೋರಾದ ಕಡೆ ತಾನೇ ಕುಗ್ಗಿಸಿ, ಸದ್ದಿಲ್ಲದ ಕಡೆ ತಾನೇ ಎತ್ತುತ್ತದೆ, ಅದು ಇದ್ದದ್ದೇ. ಆದರೆ ಅದರಲ್ಲಿ ಜನ ಇರುತ್ತಾರೆ, ಡ್ರಮ್ಸ್ ಇರುತ್ತದೆ. ಅದನ್ನು ಮಿಕ್ಸರಿನ ಸ್ವರದ ಕೆಳಗೆ ಇಟ್ಟರೆ ಹಾಲ್ ವಾಪಸ್ ಬರುತ್ತದೆ.

ಇಲ್ಲಿ ಒಂದು ಲೆಕ್ಕ. ಸದ್ದು ಒಂದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. 17 ಮೀಟರ್ ಹಿಂದೆ ನಿಂತವನ ಮೊಬೈಲಿಗೆ ಸ್ವರ ತಲುಪುವುದು ಒಂದು ಸೆಕೆಂಡಿನ 20ರಲ್ಲಿ ಒಂದು ಪಾಲು ತಡವಾಗಿ. ಹಾಗೇ ಕೂಡಿಸಿದರೆ ಎಲ್ಲವೂ ಎರಡೆರಡು ಸಲ ಕೇಳುತ್ತದೆ. ಕಂಪ್ಯೂಟರಿನಲ್ಲಿ ಡ್ರಮ್ಮಿನ ಒಂದು ಪೆಟ್ಟು ನೋಡಿ, ಅದಕ್ಕೆ ಸರಿಯಾಗಿ ಹಿಂದೆ ಮುಂದೆ ಸರಿಸಬೇಕು. ಮೊಬೈಲಿನ ಗಡಿಯಾರ ಮಿಕ್ಸರಿನ ಗಡಿಯಾರಕ್ಕೆ ಸರಿ ನಡೆಯುವುದಿಲ್ಲ, ಹಾಡು ಮುಗಿಯುವಾಗ ಮತ್ತೆ ತಪ್ಪಿರಬಹುದು. ಒಂದೊಂದು ಹಾಡಿಗೆ ಬೇರೆಯಾಗಿ ಹೊಂದಿಸಿ.

ಸ್ವರ ಒಂದನ್ನೇ ಸರಿ ಮಾಡುತ್ತೇವೆ ಅಂತ ಹೋಗಬೇಡಿ. ಹಾಡುವ ಮೈಕಿಗೆ ಡ್ರಮ್ಮಿನ ತಾಳತಟ್ಟೆಯೂ ಬಿದ್ದಿರುತ್ತದೆ, ಸ್ವರದ ಶ್ರುತಿ ಸರಿಸಿದರೆ ಅದೂ ಸರಿಯುತ್ತದೆ, ಕೇಳಲಿಕ್ಕಾಗದು. ಇಂಟರ್ನೆಟ್ಟಿನಿಂದ ಚಪ್ಪಾಳೆ ತಂದು ಅಂಟಿಸಿದರೆ ನನ್ನ ಹತ್ತಿರ ಬರಲೇಬೇಡಿ. ಅಷ್ಟು ಜನರ ಚಪ್ಪಾಳೆಗೂ ಆ ಹಾಲಿನ ಗಾತ್ರಕ್ಕೂ ತಾಳೆಯಾಗುವುದಿಲ್ಲ, ಗೊತ್ತಿದ್ದವರಿಗೆ ಕೂಡಲೇ ತಿಳಿಯುತ್ತದೆ.

ಆ ಡ್ರಮ್ಮರ್ ನಾನೇ:
ಗೆಳೆಯ ಲಿಂಕ್ ಕಳಿಸಿದ. ನನ್ನ ಬಗ್ಗೆ ಇಷ್ಟು ಚರ್ಚೆಯಾ? ನನ್ನ ತಕರಾರು ಯಾರೂ ಸರಿ ಹೇಳಿಲ್ಲ. ಲೈವಿನಲ್ಲಿ ನಾನು ಓಡಿದ್ದೇನೆ. ಸ್ಟುಡಿಯೋದಲ್ಲಿ ಮೂರು ನಿಮಿಷ ಇರುವ ಮಣ್ಣಿನ ಹಾಡು ಅಲ್ಲಿ ಎರಡೂವರೆಗೇ ಮುಗಿಯಿತು, ಅದೂ ಒಬ್ಬ ನಡುವೆ ಬಂದು ಕಿರುಚಿದ ಮೇಲೆ. ಎರಡೂ ಒಂದೇ ಆಲ್ಬಮ್ಮಿನಲ್ಲಿದ್ದರೆ ಜನ ಹೋಲಿಸಿ ನಗುತ್ತಾರೆ.

ಬದಿಯಡ್ಕ ಟು ಶಾರ್ಜಾ:
ನಗಲಿಕ್ಕಿಲ್ಲ ತಮ್ಮ. ನನ್ನನ್ನು ಕೇಳಿದರೆ ಆ ಹಾಡನ್ನು ಎರಡೂ ಥರ ಹಾಕಬೇಕು. ಆಲ್ಬಮ್ಮಿಗೆ ಲೈವಿನದ್ದು, ಮೊದಲು ಬಿಡುವ ಸಿಂಗಲ್ಲಿಗೆ ಸ್ಟುಡಿಯೋದ್ದು. ಶ್ಯಾಮ್ 69 'ಬೋರ್ಸ್ಟಲ್ ಬ್ರೇಕ್‌ಔಟ್' ವಿಷಯದಲ್ಲಿ ಮಾಡಿದ್ದು ಅದನ್ನೇ. ಸಿಂಗಲ್ ಕೇಳಿ ಸಾಹಿತ್ಯ ಬಾಯಿಪಾಠ ಆದವರು ಲೈವಿನಲ್ಲಿ ಸ್ವರ ಕಳೆದುಹೋದರೂ ಜೊತೆಗೆ ಹಾಡುತ್ತಾರೆ.

ಪೈವಳಿಕೆ ಮಾಷ್ಟ್ರು:
ಓಡಿದ್ದಕ್ಕೆ ಯಾಕೆ ನಾಚಿಕೆ? ರಂಗದಲ್ಲಿ ಕಾಲ ಏರುವುದು ಸಹಜ. ಇಳಿಸಲಿಕ್ಕೆ ಬಾರದಿದ್ದರೆ ಮಾತ್ರ ದೋಷ.

ಆ ಡ್ರಮ್ಮರ್ ನಾನೇ:
ಇಳಿಸಲಿಕ್ಕೆ ಇನ್ನೂ ಬರುವುದಿಲ್ಲ ಮಾಷ್ಟ್ರೇ. ಸರಿ, ಒಪ್ಪಿದೆ, ಆದರೆ ಎರಡು ಷರತ್ತು. ಕಂಪ್ಯೂಟರಿನಲ್ಲಿ ನನ್ನ ವೇಗ ತಿದ್ದಬಾರದು. ಲೈವ್ ಮೂರೇ ಹಾಡು, ಆರು ಬೇಡ.

ನೀರ್ಚಾಲು ಟೀಚರ್:
ಮೂರು ಸರಿ. ಆ ಮೂರನ್ನು ಒಟ್ಟಿಗೆ ಇಡಿ, ಮಧ್ಯದಲ್ಲಿ ಸದ್ದು ಕಡಿಯದ ಹಾಗೆ. ಈಗ ಯಾರೂ ಬದಿ ತಿರುಗಿಸಿ ಕೇಳುವುದಿಲ್ಲ, ಫೋನಿನಲ್ಲಿ ಒಂದೊಂದೇ ಹಾಡು ಹಾರಿಸಿ ಕೇಳುತ್ತಾರೆ. ಹಾಗಾಗಿ ಲೈವ್ ಹಾಡಿನ ಹೆಸರಿನ ಎದುರು ಲೈವ್ ಅಂತ ಕಾಣುವ ಹಾಗೆ ಬರೆಯಿರಿ. ಅಷ್ಟು ಮಾಡಿದರೆ ಕಳ್ಳಾಟದ ಮಾತು ನಾನು ವಾಪಸ್ ತೆಗೆದುಕೊಳ್ಳುತ್ತೇನೆ. ಲೈವ್ ಮೊದಲಾ ಕೊನೆಗಾ ಅನ್ನುವುದರಲ್ಲಿ ಮಾತ್ರ ಶಾರ್ಜಾದವರ ಮಾತು ಕೇಳಬೇಡಿ. ಪರ್ಸಿಯ ಹೆಸರು ಆಗಲೇ ಜನರಿಗೆ ಗೊತ್ತಿತ್ತು. ನಿಮ್ಮನ್ನು ಯಾರೂ ಕೇಳಿಲ್ಲ. ಮೊದಲು ಎರಡು ಸ್ಟುಡಿಯೋ ಹಾಡು, ಆಮೇಲೆ ಹಾಲ್.

ಬದಿಯಡ್ಕ ಟು ಶಾರ್ಜಾ:
ಒಪ್ಪುವುದಿಲ್ಲ. ಯಾರೂ ಕೇಳದವರೇ ಮೊದಲ ಟ್ರ್ಯಾಕಿನಲ್ಲಿ ಜನರನ್ನು ತೋರಿಸಬೇಕು. ಆದರೆ ಆಲ್ಬಮ್ ಹುಡುಗರದ್ದು, ನಾವಿಬ್ಬರು ಜಗಳಾಡಿ ಏನು ಪ್ರಯೋಜನ.

ಮೈಕಿನವ ಉಪ್ಪಳ:
ಎರಡೂ ಥರ ಜೋಡಿಸಿ ಕೇಳಿ ನೋಡೋಣ. ಈ ವಾರ ನನಗೆ ಮೂರು ನೇಮದ ಬುಕ್ಕಿಂಗ್ ಉಂಟು, ಪುರುಸೊತ್ತಿಲ್ಲ. ಬರುವ ವಾರ ಮಂಗಳವಾರ ಮಧ್ಯಾಹ್ನ ಮೇಲೆ ಬನ್ನಿ. ಪೆನ್‌ಡ್ರೈವ್, ಮೊಬೈಲಿನ ಮೂಲ ಫೈಲು, ಸ್ಟುಡಿಯೋದವರು ಕೊಟ್ಟ ಹಾರ್ಡ್‌ಡಿಸ್ಕ್ ಎಲ್ಲ ತನ್ನಿ. ಹೆಡ್‌ಫೋನ್ ನಿಮ್ಮದೇ ಇರಲಿ, ನನ್ನದರ ಒಂದು ಬದಿ ಹೋಗಿದೆ.

ಕುಂಬ್ಳೆ ಗಿಟಾರು:
ಮಂಗಳವಾರ ಬರುತ್ತೇವೆ ಅಣ್ಣ. ಆ ಮಲಯಾಳಿ ಹುಡುಗ ಯಾರು ಅಂತ ಕಾಲೇಜಿನಲ್ಲಿ ವಿಚಾರಿಸುತ್ತಿದ್ದೇವೆ. ಅವನ ಸ್ವರ ಹಾಕುವ ಮೊದಲು ಅವನನ್ನು ಕೇಳಬೇಕಲ್ಲ. ಒಪ್ಪಿದರೆ ಅವನ ಹೆಸರೂ ಹಾಕುತ್ತೇವೆ.